ತಗಡಿಗೆ ಬೇಕಾದ ಬಿಡುವು

ಮನೆಯಲ್ಲೇ ಕಾರಿನ ಬಾಡಿ ಕೆಲಸಕ್ಕೊಂದು ಗ್ಯಾರೇಜು ಮಾಡಿಕೊಳ್ಳುವ ಆಸೆಯುಳ್ಳವರು ಮೊದಲು ಸಲಕರಣೆಗಳ ಪಟ್ಟಿ ಬರೆಯುತ್ತಾರೆ: ಕಂಪ್ರೆಸರ್, ಮಿಗ್ ವೆಲ್ಡಿಂಗ್ ಯಂತ್ರ, ಗ್ರೈಂಡರ್, ಸ್ಪ್ರೇ ಗನ್. ಪಟ್ಟಿ ತಪ್ಪಲ್ಲ, ಆದರೆ ಅದರ ಸರದಿ ಕೊನೆಯದು ಎಂಬುದು ನನ್ನ ವಾದ. ಊರಿನ ಟಿಂಕರಿಂಗ್ ಶೆಡ್ಡಿನಲ್ಲಿ ಇವೆಲ್ಲ ಇವೆ, ಇವನ್ನು ಹಿಡಿಯಲು ಪಳಗಿದ ಕೈಗಳೂ ಇವೆ. ಅಲ್ಲಿ ಇಲ್ಲದ್ದು ಒಂದೇ, ಬಿಡುವು. ಅಲ್ಲಿನ ಲೆಕ್ಕ ಒಂದು ಡೋರಿಗೆ ಇಷ್ಟು, ಒಂದು ಬಾನೆಟ್ಟಿಗೆ ಇಷ್ಟು ಎಂದು. ಒಂದು ಕಾರು ಹೊರಟರೆ ಮಾತ್ರ ಇನ್ನೊಂದಕ್ಕೆ ಜಾಗ. ತಗ್ಗನ್ನು ಅರ್ಧ ಎತ್ತಿ, ಮಿಕ್ಕದ್ದನ್ನು ಪುಟ್ಟಿಯಿಂದ ತುಂಬಿ, ಬಣ್ಣ ಹೊಡೆದು ಕಳಿಸುವಂತೆ ಆ ಲೆಕ್ಕವೇ ಒತ್ತಾಯಿಸುತ್ತದೆ. ಮನೆಯಲ್ಲಿ ಕಾರು ತಿಂಗಳುಗಟ್ಟಲೆ ನಿಂತರೂ ಅಂಥ ಒತ್ತಾಯವಿಲ್ಲ. ಹಾಗಿದ್ದ ಮೇಲೆ ಆ ಗ್ಯಾರೇಜನ್ನು ನಿಧಾನಕ್ಕೆ ಒಪ್ಪುವಂತೆ ಕಟ್ಟಬೇಕು. ನೆಲ, ಬೆಳಕು, ಗಾಳಿ ಮೊದಲು, ಯಂತ್ರ ಆಮೇಲೆ.

ನಿಧಾನವನ್ನು ಬೇಡುವುದು ತಗಡೇ. ಇಂದಿನ ಸಾಮಾನ್ಯ ಕಾರಿನ ಹೊರಮೈ ತಗಡು ಒಂದು ಮಿಲಿಮೀಟರಿಗಿಂತ ತೆಳು. ಪೆಟ್ಟು ಬಿದ್ದಲ್ಲಿ ನಿಜವಾಗಿ ಮಡಚಿಕೊಂಡು ಗಟ್ಟಿಯಾಗುವುದು ಒಂದೆರಡು ಗೆರೆಗಳು ಮಾತ್ರ. ಸುತ್ತಲ ದೊಡ್ಡ ತಗ್ಗು ಆ ಗೆರೆಗಳ ಹಿಡಿತಕ್ಕೆ ಸಿಕ್ಕು ಒಳಗೆ ನಿಂತಿರುತ್ತದೆ. ಕೊನೆಗೆ ಮೂಡಿದ ಮಡಿಕೆಯನ್ನು ಮೊದಲು ಬಿಡಿಸುತ್ತ ಹಿಂದಕ್ಕೆ ಬಂದರೆ ತಗ್ಗಿನ ಬಹುಭಾಗ ತಾನಾಗಿಯೇ ಮೇಲೇಳುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು: ಲೋಹಕ್ಕೆ ತನ್ನ ಮೂಲ ಆಕಾರ ನೆನಪಿರುವಂತೆ ತೋರುತ್ತದೆ. ಅವಸರಪಟ್ಟು ತಗ್ಗಿನ ನಡುವಿಗೆ ಬಡಿದರೆ, ಸುತ್ತಿಗೆಗೂ ಹಿಂದೆ ಹಿಡಿದ ಡಾಲಿ ಎಂಬ ಉಕ್ಕಿನ ಗಟ್ಟಿಗೂ ನಡುವೆ ಸಿಕ್ಕ ತಗಡು ತೆಳುವಾಗಿ ಹಿಗ್ಗುತ್ತದೆ. ಹಿಗ್ಗಿದ ತಗಡು ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಟಪ್ಪೆನ್ನುತ್ತದೆ. ಅದನ್ನು ಕುಗ್ಗಿಸಲು ನಾಣ್ಯದಗಲದ ಜಾಗವನ್ನು ಕೆಂಪಗೆ ಕಾಯಿಸಿ ಒದ್ದೆ ಬಟ್ಟೆಯಿಂದ ತಣಿಸಬೇಕು, ಅದೂ ಎಲ್ಲರ ಕೈಗೂ ಒಲಿಯುವುದಿಲ್ಲ. ವೆಲ್ಡಿಂಗಿನ ಕತೆಯೂ ಇದೇ. ಇಷ್ಟು ತೆಳುವಾದ ತಗಡಿಗೆ ಒಂದೇ ಸಮನೆ ಬೆಸುಗೆ ಎಳೆದರೆ ಶಾಖಕ್ಕೆ ಅದು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೆ ಬರಬೇಕು. ಈ ಕಾಯುವಿಕೆಯನ್ನು ಎಷ್ಟೇ ಬೆಲೆಯ ಯಂತ್ರವೂ ಉಳಿಸಿಕೊಡುವುದಿಲ್ಲ.

ತಗ್ಗನ್ನು ಕಾಣದೆ ತಿದ್ದಲಾಗದು, ಹಾಗಾಗಿ ಖರ್ಚಿನಲ್ಲಿ ಮೊದಲ ಪಾಲು ಬೆಳಕಿನದು. ನೆತ್ತಿಯ ಮೇಲಿನ ಒಂದು ಬಲ್ಬು ಏನನ್ನೂ ತೋರಿಸುವುದಿಲ್ಲ. ಉದ್ದನೆಯ ಟ್ಯೂಬ್‌ಲೈಟುಗಳನ್ನು ಪಕ್ಕದ ಗೋಡೆಗೆ, ಕಾರಿನ ಸೊಂಟದ ಎತ್ತರಕ್ಕೆ ಹಾಕಿದರೆ ಹೊಳೆಯುವ ಮೈಮೇಲೆ ನೇರ ಗೆರೆಗಳು ಬೀಳುತ್ತವೆ. ತಗ್ಗಿದ್ದಲ್ಲಿ ಗೆರೆ ಬಾಗುತ್ತದೆ. ಕಣ್ಣಿಗೆ ತಪ್ಪಿದ್ದನ್ನು ತೆಳು ಹತ್ತಿಬಟ್ಟೆಯ ಮೇಲೆ ಹರಿಸಿದ ಅಂಗೈ ಹಿಡಿಯುತ್ತದೆ. ಜಾಗದ ಚಿಂತೆ ನಾವಂದುಕೊಂಡಷ್ಟಿಲ್ಲ. ಮಾರುತಿ 800 ಸುಮಾರು 3.3 ಮೀಟರ್ ಉದ್ದ, 1.4 ಮೀಟರ್ ಅಗಲ. ಡೋರು ಪೂರ್ತಿ ತೆರೆದು ಮಂಡಿಯೂರಿ ಕೂರುವಷ್ಟು ಸುತ್ತಲೂ ಬಿಟ್ಟರೆ ಸಾಕು. ಬೆಂಗಳೂರಿನ 30×40 ಸೈಟಿನ ಪೋರ್ಟಿಕೋದಲ್ಲಿ ಒಂದು ಬದಿ ಗೋಡೆಗೆ ಒತ್ತಿದರೂ, ಕಾರನ್ನು ತಿರುಗಿಸಿ ನಿಲ್ಲಿಸಿಕೊಂಡು ಕೆಲಸ ಸಾಗಿಸಬಹುದು. ನೆಲ ಮಾತ್ರ ಸಮತಟ್ಟಾದ ಕಾಂಕ್ರೀಟು ಆಗಿರಬೇಕು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು, ಮಣ್ಣಿನಲ್ಲಿ ಕುಸಿಯುವ ಸ್ಟ್ಯಾಂಡನ್ನೂ ನಂಬಬಾರದು.

ಕರಾವಳಿಯವರಿಗೆ ಈ ನಿಧಾನದ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಮಂಗಳೂರಿನಿಂದ ಕಾರವಾರದವರೆಗೆ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತವೆ. ಡೋರಿನ ತಳದಲ್ಲಿ ನೀರು ಬಸಿಯಲು ಇಟ್ಟ ಸಣ್ಣ ತೂತುಗಳು ಮಣ್ಣಿನಿಂದ ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹೊರಗೆ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ಒಳಗೆ ಜಾಲರಿ ಉಳಿದಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತುವುದು ಬರೀ ಮುಚ್ಚುಮರೆ. ಪುಟ್ಟಿ ತೇವ ಹೀರುತ್ತದೆ. ಪ್ರೈಮರ್ ಇಲ್ಲದೆ ಬಿಟ್ಟರೆ ಆ ತೇವವೇ ಕೆಳಗಿನ ತಗಡಿಗೆ ತುಕ್ಕು ಹಿಡಿಸುತ್ತದೆ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕು, ಬಣ್ಣಕ್ಕೆ ಒಣ ಹವೆ ಬರುವವರೆಗೆ ಕಾಯಬೇಕು. ಮಳೆಗಾಲವಿಡೀ ಕಾಯುವ ಅನುಕೂಲ ಮನೆಯ ಗ್ಯಾರೇಜಿಗಲ್ಲದೆ ಯಾರಿಗಿದೆ?

ಇದು ಅಪಾಯದ ಹವ್ಯಾಸ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದರಿಂದಲೇ ಒಂದು ಗೆರೆ ಎಳೆಯುತ್ತೇನೆ. ಎರಡು ಭಾಗ ಬೆರೆಸಿ ಹೊಡೆಯುವ ಈಗಿನ ಟೂಕೆ (2K) ಬಣ್ಣಗಳ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಹನಿಮಂಜು ಉಸಿರಾಡಿದವರಿಗೆ ಆಸ್ತಮಾ ಅಂಟಿಕೊಳ್ಳಬಹುದು, ಧೂಳಿನ ಮಾಸ್ಕು ಅದನ್ನು ತಡೆಯದು. ಮಕ್ಕಳು ಆಡುವ ಅಂಗಳದ ಪಕ್ಕ ಆ ಬಣ್ಣ ಹೊಡೆಯಕೂಡದು. ಪ್ರೈಮರಿನ ಮೊದಲ ಪದರದವರೆಗಿನ ತಯಾರಿ ಮನೆಯಲ್ಲಿ, ಕೊನೆಯ ಬಣ್ಣ ಪೇಂಟ್ ಬೂತ್ ಇರುವಲ್ಲಿ. ಬಣ್ಣದ ಚೆಲುವು ಅಡಿಯ ತಯಾರಿಯಲ್ಲೇ ಇರುವುದರಿಂದ ಹೀಗೆ ಹಂಚಿಕೊಂಡರೆ ಹವ್ಯಾಸಿಗೆ ನಷ್ಟವಿಲ್ಲ. ಪೆಟ್ರೋಲ್ ಟ್ಯಾಂಕಿಗೆ ಬೆಸುಗೆಯೂ ಮನೆಯ ಕೆಲಸವಲ್ಲ, ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕಳಚಿ, ಸರಿಯಾದ ಅರ್ಥಿಂಗ್ ಮಾಡಿಸಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಲ್ಲಿ ಇಡಿ. ಸದ್ದಿನ ದೂರೂ ನ್ಯಾಯವಾದದ್ದೇ: ವಸತಿ ಪ್ರದೇಶಕ್ಕೆ ಕಾನೂನು ಇಟ್ಟ ಮಿತಿ ಹಗಲು 55 ಡೆಸಿಬೆಲ್. ಗ್ರೈಂಡರ್ ಅದನ್ನು ಸುಲಭವಾಗಿ ದಾಟುತ್ತದೆ. ಯಂತ್ರ ಕಡಿಮೆ ಇರಲಿ ಎನ್ನಲು ಇದೂ ಒಂದು ಕಾರಣ. ಮರದ ತುಂಡಿಗೆ ಸುತ್ತಿದ ವಾಟರ್ ಪೇಪರ್ ನೆರೆಯವರನ್ನು ಎಬ್ಬಿಸುವುದಿಲ್ಲ.

ಈಗಿನ ಕಾರುಗಳಿಗೆ ಮನೆಯ ತಗಡು ಕೆಲಸ ಸಲ್ಲದು ಎನ್ನುವವರ ಮಾತಿನಲ್ಲೂ ಹುರುಳಿದೆ. ಅವುಗಳ ಕಂಬಗಳಲ್ಲಿರುವ ಅತಿಗಟ್ಟಿ ಉಕ್ಕನ್ನು ಕಾಯಿಸಿದರೆ ಬಲ ಹೋಗುತ್ತದೆ, ಅಲ್ಲಿ ಹವ್ಯಾಸಿ ಕೈಹಾಕಬಾರದು. ಆದರೆ 1983ರಿಂದ 2014ರವರೆಗೆ ತಯಾರಾದ ಮಾರುತಿ 800, ಅದಕ್ಕೂ ಹಳೆಯ ಪದ್ಮಿನಿ, ಅಂಬಾಸಿಡರ್ ಇನ್ನೂ ನಮ್ಮ ಬೀದಿಗಳಲ್ಲಿವೆ. ನಮ್ಮಲ್ಲಿ 15 ವರ್ಷ ತುಂಬಿದ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ನೋಂದಣಿ ಐದು ವರ್ಷಕ್ಕೆ ನವೀಕರಣವಾಗುತ್ತದೆ. ಗುಜರಿಗೆ ಹೋಗಬಹುದಾದ ಎಷ್ಟೋ ಕಾರುಗಳ ಆಯುಷ್ಯ ತಳದ ತಗಡಿನ ಮೇಲೆ ನಿಂತಿದೆ.

ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಂಡರೆ ಟಿಂಕರ್‌ಗಳ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂದು ಕೇಳುವವರಿದ್ದಾರೆ. ಹವ್ಯಾಸಿ ತಿದ್ದುವ ಒಂದು ಕಾರಿನಿಂದ ಅವರ ಗಿರಾಕಿ ಕಡಿಮೆಯಾಗುವುದಿಲ್ಲ. ಅವರ ವಿದ್ಯೆಗೆ ಕುತ್ತು ಬಂದಿರುವುದು ಪೆಟ್ಟಾದ ಪ್ಯಾನೆಲನ್ನು ತಿದ್ದದೆ ಕಳಚಿ ಹೊಸದು ಹಾಕುವ ರೂಢಿಯಿಂದ. ಆದ್ದರಿಂದ ವೆಲ್ಡಿಂಗ್ ಯಂತ್ರಕ್ಕೆ ಹಣ ಕೂಡಿಡುತ್ತಿರುವವರಲ್ಲಿ ನನ್ನದೊಂದು ಕೋರಿಕೆ: ಅದರಲ್ಲಿ ಸ್ವಲ್ಪ ತೆಗೆದು ನಿಮ್ಮೂರಿನ ಹಿರಿಯ ಟಿಂಕರ್ ಒಬ್ಬರಿಗೆ ಕೆಲವು ದಿನಗಳ ಪೂರ್ತಿ ಕೂಲಿ ಕೊಡಿ, ಗುಜರಿಯಿಂದ ತಂದ ಹಳೆಯ ಡೋರೊಂದನ್ನು ಅವರ ಮುಂದಿಟ್ಟು ಡಾಲಿ ಹಿಡಿಯುವುದನ್ನು ಕಲಿಸಿಕೊಡಿ ಎಂದು ಕೇಳಿ.