ಗಾಡಿಯೊಳಗಣ ಸಂಸಾರ

ಮನೆಯ ಅಂಗಳವನ್ನು ನೋಡಿದರೆ ಮನೆಯವರ ಗುಣ ತಿಳಿಯುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮೋಟಾರು ಗಾಡಿಯ ಒಳಭಾಗವನ್ನು ನೋಡಿದರೆ ಏನು ತಿಳಿಯುವುದೆಂಬುದನ್ನು ಅವರು ಹೇಳಿಹೋಗಲಿಲ್ಲ. ಅವರ ಕಾಲದಲ್ಲಿದ್ದುದು ಎತ್ತಿನ ಗಾಡಿ. ಅದರಲ್ಲಿ ಮೆತ್ತಗಿರಲೆಂದು ಹಾಸಿದ ಹುಲ್ಲನ್ನು, ಊರು ಮುಟ್ಟಿದೊಡನೆ ಎತ್ತುಗಳೇ ತಿಂದು ಚೊಕ್ಕಟ ಮಾಡಿಬಿಡುತ್ತಿದ್ದವು. ನಮ್ಮ ಮೋಟಾರಿಗೆ ಪೆಟ್ರೋಲೊಂದೇ ಆಹಾರ. ಅದರೊಳಗೆ ನಾವು ಹಾಕಿದುದೆಲ್ಲವೂ ಹಾಕಿದಲ್ಲಿಯೇ ಇರುತ್ತದೆ.

ಈ ವಿಷಯ ನನ್ನ ಮನಸ್ಸಿಗೆ ನಾಟಿದುದು ನಮ್ಮ ಬೀದಿಯ ಮೇಷ್ಟರಿಂದ. ಅವರು ನಿವೃತ್ತರಾಗಿ ಬಹಳ ವರ್ಷಗಳಾದವು. ವಯಸ್ಸು ಎಂಬತ್ತರ ಹತ್ತಿರ. ಉಡುವುದು ಹಾಲಿನಂಥ ಬಿಳಿಯ ಪಂಚೆ. ಒಂದು ಬೆಳಗ್ಗೆ ನಾನು ಕಚೇರಿಗೆ ಹೊರಟಿದ್ದಾಗ ಅವರು ಬಿಸಿಲಿನಲ್ಲಿ ನಡೆದುಹೋಗುತ್ತಿದ್ದುದನ್ನು ಕಂಡು ಗಾಡಿಯನ್ನು ನಿಲ್ಲಿಸಿ, "ಬನ್ನಿ ಮೇಷ್ಟರೇ, ಬ್ಯಾಂಕಿನ ಬಾಗಿಲಿಗೆ ಬಿಟ್ಟು ಹೋಗುತ್ತೇನೆ" ಎಂದೆ. ಕರೆದುದೇನೋ ಸರಿ, ಕೂರಿಸುವುದಕ್ಕೆ ಸ್ಥಳವೆಲ್ಲಿ? ಪಕ್ಕದ ಪೀಠದ ಮೇಲೆ ಎರಡು ವಾರದ ಪತ್ರಿಕೆಗಳು, ಒಂದು ಕೊಡೆ, ಮಗಳ ಶಾಲೆಯ ರಟ್ಟಿನ ಜ್ವಾಲಾಮುಖಿ, ರಿಪೇರಿಗೆಂದು ತಿಂಗಳ ಹಿಂದೆ ತೆಗೆದುಕೊಂಡು ಹೊರಟ ಮಿಕ್ಸಿಯ ಜಾರು. ಇವನ್ನೆಲ್ಲ ಹಿಂದಕ್ಕೆ ತಳ್ಳುವುದರೊಳಗೆ ಹಿಂದೆ ನಿಂತ ಆಟೋದವನು ಮೂರು ಸಲ ಹಾರನ್ನು ಬಾರಿಸಿದ. ಮೇಷ್ಟರು ಮಾತ್ರ ಕಿಂಚಿತ್ತೂ ಬೇಸರಪಡದೆ, "ನಿಧಾನವಾಗಿ ಆಗಲಿ" ಎನ್ನುತ್ತ ನಿಂತಿದ್ದರು.

ಅಂದಿನ ಸಂಜೆ ಮನೆಯಾಕೆ ನನ್ನನ್ನು ಕೇಳಿದಳು: "ಏನೂಂದ್ರೆ, ಮೇಷ್ಟರನ್ನು ನೀವು ಎಲ್ಲಿ ಕೂರಿಸಿದಿರಿ? ಅವರ ಪಂಚೆಗೆ ಹಿಂದೆಲ್ಲ ಚಾಕೊಲೇಟು ಮೆತ್ತಿಕೊಂಡಿತ್ತಂತೆ. ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದವರು ನೋಡಿ ನಕ್ಕರಂತೆ." ಮೇಷ್ಟರು ಈ ಮಾತನ್ನು ನನ್ನೊಡನೆ ಆಡಲಿಲ್ಲ. ಇಂದಿಗೂ ಆಡಿಲ್ಲ. ಅವರು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಮ್ಮದು ಕೊಳಕು ಸಂಸಾರವೆಂದು ವಾಚಕರು ಭಾವಿಸಬಾರದು. ಮನೆಯಲ್ಲಿ ದಿನವೂ ಗುಡಿಸಿ ಸಾರಿಸುವುದುಂಟು. ಬಾಗಿಲಲ್ಲಿ ರಂಗವಲ್ಲಿಯುಂಟು. ಹಾಗಿದ್ದಮೇಲೆ ಗಾಡಿಯೊಂದಕ್ಕೇ ಈ ಗತಿಯೇಕೆ? ನನಗೆ ತೋರುವಂತೆ ಕಾರಣವಿಷ್ಟೆ: ಮನೆಗೆ ಒಡತಿಯುಂಟು, ಬೀದಿಗೆ ನಗರಪಾಲಿಕೆಯುಂಟು, ಗಾಡಿಯ ಒಳಭಾಗ ಮನೆಯೂ ಅಲ್ಲ, ಬೀದಿಯೂ ಅಲ್ಲ. ಅಲ್ಲಿ ನಾವು ಇರುವುದು ಇಪ್ಪತ್ತು ನಿಮಿಷ, ಅರ್ಧ ಗಂಟೆ. ಏರುವಾಗ ತಡವಾಯಿತೆಂಬ ಆತುರ. ಇಳಿಯುವಾಗ ತಲಪಿದೆವಲ್ಲ ಎಂಬ ಆತುರ. ಛತ್ರದಲ್ಲಿ ಒಂದು ರಾತ್ರಿ ತಂಗಿದವನು ಕಸ ಗುಡಿಸಿ ಹೊರಡುವನೆ?

ಕಸಕ್ಕೂ ಒಂದು ಇತಿಹಾಸವಿದೆ. ಸುಂಕದ ಕಟ್ಟೆಗಳಲ್ಲಿ ಫಾಸ್ಟ್ಯಾಗು ಕಡ್ಡಾಯವಾದುದು 2021ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ಹಣ ಕೊಟ್ಟು ಪಡೆದ ಚೀಟಿಗಳು ನಮ್ಮ ಗಾಡಿಯ ಬಾಗಿಲ ಚೀಲದಲ್ಲಿ ಜೋಪಾನವಾಗಿದ್ದವು. ಅವುಗಳ ಮೇಲೆ ಕಡಲೆಕಾಯಿ ಸಿಪ್ಪೆಯ ಒಂದು ಪದರ; ಅದರ ಮೇಲೆ ಮದುವೆಯ ಕರೆಯೋಲೆಗಳ ಒಂದು ಪದರ. ಪುರಾತತ್ತ್ವ ಸಂಶೋಧಕರು ನೆಲವನ್ನು ಅಗೆದು ಕಾಲನಿರ್ಣಯ ಮಾಡುವಂತೆ, ಯಾವ ವರ್ಷ ಯಾವ ನಂಟರ ಮದುವೆಗೆ ಹೋದೆವೆಂಬುದನ್ನು ಅಲ್ಲಿಯೇ ತಿಳಿಯಬಹುದಾಗಿತ್ತು.

ತಿಂಡಿಯ ಚೂರು ಬಿದ್ದಲ್ಲಿಗೆ ಇರುವೆ ಬಂದಿತು. ಇರುವೆಯ ಬಳಿಕ ಇಲಿ. ಇಲಿ ಬಂದುದು ನನಗೆ ತಿಳಿದುದು ಒಂದು ಮುಂಜಾನೆ ದೀಪ ಉರಿಯದೆ ಹೋದಾಗ. ಎಂಜಿನ್ನಿನ ಬಳಿಯ ತಂತಿಗಳ ಮೇಲಣ ಹೊದಿಕೆಯನ್ನು ಅದು ಕಡಿದುಹಾಕಿತ್ತು. ರಿಪೇರಿಗೆ ಒಂದು ತಿಂಗಳ ದಿನಸಿಯಷ್ಟು ಹಣ ಹೋಯಿತು. ಒಣ ಹೊಗೆಸೊಪ್ಪನ್ನು ಕಟ್ಟಿದರೆ ಇಲಿ ಹತ್ತಿರ ಸುಳಿಯದೆಂದು ಹಿತೈಷಿಗಳೊಬ್ಬರು ಹೇಳಿದರು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ಆ ಸೊಪ್ಪಿಗೆ ಮೈಸೂರಿನಲ್ಲಿ ಬರವೇ? ತಂದು ಕಟ್ಟಿದೆ. ಗಾಡಿಯೆಲ್ಲ ಬೀಡಿಯಂಗಡಿಯಂತೆ ನಾರಿತು. ಮೆಕ್ಯಾನಿಕ್ಕನು ನೋಡಿ ನಕ್ಕು, "ಸಾರ್, ಮೊದಲು ಒಳಗಿನ ಊಟ ನಿಲ್ಲಿಸಿ, ಆಮೇಲೆ ಔಷಧ" ಎಂದನು.

ಊಟವನ್ನು ನಿಲ್ಲಿಸುವುದಕ್ಕಾಗಿ ನಾನು ಹಲವು ಶಾಸನಗಳನ್ನು ಹೊರಡಿಸಿದೆ. ಗಾಡಿಯಲ್ಲಿ ಯಾರೂ ಏನನ್ನೂ ತಿನ್ನಕೂಡದೆಂಬುದು ಮೊದಲನೆಯದು. ಶಾಲೆ ಬಿಟ್ಟು ಹಸಿದುಬಂದ ಮಕ್ಕಳ ಮುಂದೆ ಅದು ಮೂರು ದಿನ ನಿಂತಿತು. ಆಮೇಲೆ ಹಿಂದಿನ ಪೀಠದ ಕೆಳಗೆ ಒಂದು ಬುಟ್ಟಿಯನ್ನಿಟ್ಟೆ. ಕಸವನ್ನು ಬುಟ್ಟಿಗೆ ಹಾಕುವ ಬದಲು ಬುಟ್ಟಿಯನ್ನೇ ಕಸದ ಮೇಲೆ ಕೂರಿಸಿದರು. ಮೂರನೆಯದು ಬೈಗುಳ. ಪ್ರತಿ ಭಾನುವಾರ ಗಾಡಿಯ ಬಾಗಿಲನ್ನು ತೆರೆದು ನಿಂತು, ಇದು ಯಾರದು, ಅದು ಯಾರದು ಎಂದು ಕೂಗುವುದು ನನಗೊಂದು ವ್ರತವಾಯಿತು. ಮಕ್ಕಳು ತಲೆ ತಗ್ಗಿಸಿ ನಿಲ್ಲುವರು. ನಾನು ಸುಸ್ತಾಗಿ ಒಳಕ್ಕೆ ಹೋಗುವೆನು. ಕಸ ಇದ್ದಲ್ಲಿಯೇ ಇರುವುದು.

ಮೋಟಾರಿಗೂ ಸಂಸಾರಕ್ಕೂ ಇರುವ ನಂಟೇನೋ ಹಳೆಯದೇ. ಜರ್ಮನಿಯ ಕಾರ್ಲ್ ಬೆಂಜನು ತನ್ನ ಗಾಡಿಗೆ ಪೇಟೆಂಟನ್ನು ಪಡೆದುದು 1886ರಲ್ಲಿ. ಅದರಲ್ಲಿ ಮೊದಲು ದೂರ ಪ್ರಯಾಣ ಮಾಡಿದವನು ಅವನಲ್ಲ, ಅವನ ಹೆಂಡತಿ ಬೆರ್ತಾ. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನಲ್ಲಿದ್ದ ತನ್ನ ತವರಿಗೆ, ಸುಮಾರು 100 ಕಿಲೋಮೀಟರು ದೂರ, ಹೊರಟಳು. ದಾರಿಯಲ್ಲಿ ಇಂಧನದ ಕೊಳವೆಯಲ್ಲಿ ಕಸ ಕಟ್ಟಿಕೊಂಡಿತು. ಟೋಪಿಗೆ ಸಿಕ್ಕಿಸುವ ಸೂಜಿಯಿಂದ ಅದನ್ನು ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲನ್ನು ಹೊಡೆಸಿದಳು. ಮೋಟಾರನ್ನು ನಡೆಸುವುದೆಂದರೆ ಅದನ್ನು ಚೊಕ್ಕಟವಾಗಿಡುವುದೂ ಹೌದೆಂಬುದು ಮೊದಲ ಪ್ರಯಾಣದಲ್ಲಿಯೇ ಗೊತ್ತಾಗಿತ್ತು. ಆದರೆ ಆಕೆಯ ಗಾಡಿಗೆ ಮೂರು ಚಕ್ರ, ಮಾಡಿಲ್ಲ, ಬಾಗಿಲಿಲ್ಲ. ಕಸ ನಿಲ್ಲಲು ಅಲ್ಲಿ ಸ್ಥಳವೇ ಇರಲಿಲ್ಲ. ಇಂದಿನ ಗಾಡಿಯಲ್ಲಾದರೋ ಬಾಗಿಲಿಗೊಂದು ಚೀಲ, ಮುಂದೊಂದು ಪೆಟ್ಟಿಗೆ, ನಡುವೆ ಎರಡು ಗುಂಡಿ, ಪೀಠದ ಕೆಳಗೆ ಕತ್ತಲೆಯ ನೆಲಮಾಳಿಗೆ.

ಆ ನೆಲಮಾಳಿಗೆಯಿಂದಲೇ ನಮಗೆ ಗಂಡಾಂತರ ಬಂದಿತು.

ಗೌರಿಹಬ್ಬ ಕಳೆದ ಮೇಲಿನ ಭಾನುವಾರ ಎಲ್ಲರೂ ಚಾಮುಂಡಿಬೆಟ್ಟಕ್ಕೆ ಹೋಗಿದ್ದೆವು. ನನ್ನ ತಾಯಿಗೆ ಮೆಟ್ಟಿಲು ಹತ್ತುವ ಶಕ್ತಿ ಈಗಿಲ್ಲ. ಗಾಡಿಯನ್ನು ಕೊಂಡ ಕಾರಣಗಳಲ್ಲಿ ಅದೂ ಒಂದು. ದೇವಿಯ ದರ್ಶನ ಮಾಡಿ, ಪ್ರಸಾದವನ್ನು ತೆಗೆದುಕೊಂಡು ಇಳಿಯುತ್ತಿದ್ದೆವು. ಬೆಟ್ಟ ಊರಿಗಿಂತ ಸುಮಾರು 1,000 ಅಡಿ ಎತ್ತರದಲ್ಲಿದೆ. ದಾರಿ ಸುತ್ತಿ ಸುತ್ತಿ ಇಳಿಯುವುದು. ಒಂದು ತಿರುವು ಬಂದಿತು. ಬ್ರೇಕಿನ ಮೇಲೆ ಕಾಲಿಟ್ಟೆ. ಅದು ಕೆಳಕ್ಕೆ ಹೋಗಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಕಾಲ ಕೆಳಗೆ ಕಲ್ಲಿಟ್ಟಂತಿತ್ತು. ಮುಂದೆ ಕಟ್ಟೆ, ಕಟ್ಟೆಯಾಚೆ ಆಳ. ಹಿಂದೆ ನನ್ನ ತಾಯಿ ಮಗಳಿಗೆ ದೇವಿಯ ಕಥೆ ಹೇಳುತ್ತಿದ್ದ ದನಿ ನನ್ನ ಕಿವಿಯಲ್ಲಿ ಈಗಲೂ ಇದೆ.

ದೈವಕೃಪೆಯಿಂದ ವೇಗ ಹೆಚ್ಚಾಗಿರಲಿಲ್ಲ. ಎದುರಿನಿಂದ ಯಾವ ಬಸ್ಸೂ ಬರಲಿಲ್ಲ. ಗೇರನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಗಾಡಿಯನ್ನು ಬೆಟ್ಟದ ಮಗ್ಗುಲಿಗೆ ಒತ್ತರಿಸಿ ನಿಲ್ಲಿಸಿದೆ. ಬಗ್ಗಿ ನೋಡಿದೆ. ಒಂದು ಸ್ಟೀಲಿನ ನೀರಿನ ಬಾಟಲಿ ಇಳಿಜಾರಿನಲ್ಲಿ ನನ್ನ ಪೀಠದ ಕೆಳಗಿನಿಂದ ಉರುಳಿಬಂದು ಬ್ರೇಕಿನ ಹಿಂದೆ ಸಿಕ್ಕಿಕೊಂಡಿತ್ತು. ಅದನ್ನು ಎಳೆದು ತೆಗೆದೆ. ಕೈ ನಡುಗುತ್ತಿತ್ತು. ಹೆದರಿಕೆ ಕಳೆದೊಡನೆ ಸಿಟ್ಟು ಬಂದಿತು. ಹಿಂದಕ್ಕೆ ತಿರುಗಿ ಮಗನಿಗೆ ಆಡಬಾರದ ಮಾತನ್ನು ಆಡಿದೆ. "ನಿನ್ನ ದೆಸೆಯಿಂದ ಇವತ್ತು ನಾವೆಲ್ಲ ಸಾಯುತ್ತಿದ್ದೆವು" ಎಂದೆ. ಹನ್ನೊಂದು ವರ್ಷದ ಹುಡುಗ. ಮುಖ ಬಿಳಿಚಿಕೊಂಡಿತು. ಮಾತಿಲ್ಲದೆ ಅಳತೊಡಗಿದನು.

ನನ್ನ ಹೆಂಡತಿ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. ಏನನ್ನೂ ಹೇಳದೆ ನನ್ನ ಮುಂದೆ ಹಿಡಿದಳು. ಅದರ ಮೇಲೆ ನನ್ನ ಕಚೇರಿಯ ಮುದ್ರೆಯಿತ್ತು. ವಾರ್ಷಿಕ ಸಮಾರಂಭದಲ್ಲಿ ನನಗೆ ಕೊಟ್ಟ ಬಾಟಲಿ. ಮೂರು ತಿಂಗಳಿಂದ ಕಾಣೆಯಾಗಿತ್ತೆಂದು ನಾನು ಮನೆಯವರನ್ನೆಲ್ಲ ಬೈದುದು ಇದಕ್ಕಾಗಿಯೇ.

ಅಲ್ಲಿಂದ ಮನೆಯವರೆಗೆ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಸಂಜೆ ಜಗಲಿಯ ಮೇಲೆ ಹಳೆಯ ಜಮಖಾನವೊಂದನ್ನು ಹಾಸಿ ಗಾಡಿಯಲ್ಲಿದ್ದುದನ್ನೆಲ್ಲ ತಂದು ಸುರುವಿದೆ. ಮಗನನ್ನು ಕರೆದು, "ಬಾರಪ್ಪ, ಯಾರದು ಯಾವುದೆಂದು ನೀನೇ ಲೆಕ್ಕ ಬರೆ" ಎಂದೆ. ಅವನು ಸಂಕೋಚಪಡುತ್ತ ಬಂದು ಕುಳಿತು, ನ್ಯಾಯಾಧೀಶನ ಗಾಂಭೀರ್ಯದಿಂದ ಒಂದೊಂದನ್ನೇ ಎತ್ತಿ ಬೇರೆ ಬೇರೆ ರಾಶಿಗೆ ಹಾಕಿದನು. ಒಟ್ಟು 63 ವಸ್ತುಗಳು. ಮಕ್ಕಳಿಬ್ಬರವು 17. ಅವರ ತಾಯಿಯವು 9. ಅಜ್ಜಿಯವು 2: ಕುಂಕುಮದ ಪೊಟ್ಟಣ ಒಂದು, ಮಡಿಸಿಟ್ಟ ಟವಲು ಒಂದು. ಯಾರವೆಂದು ತಿಳಿಯದವು 4. ಅವುಗಳಲ್ಲಿ ಯಾವುದೋ ಮಗುವಿನ ಒಂಟಿ ಬೂಟೂ ಇತ್ತು. ಉಳಿದ 31 ನನ್ನವು. ಹುಡುಗ ಆ ಸಂಖ್ಯೆಯನ್ನು ಬರೆದು, ಅದರ ಕೆಳಗೆ ಗೆರೆ ಎಳೆಯಲೋ ಬೇಡವೋ ಎಂಬಂತೆ ನನ್ನ ಮುಖವನ್ನು ನೋಡಿದನು. ನಾನೇ ಎಳೆದೆ. "ತಪ್ಪು ನನ್ನದು ಮಗು, ಬೆಟ್ಟದಲ್ಲಿ ನಿನ್ನನ್ನು ಅಂದದ್ದೂ ತಪ್ಪು" ಎಂದೆ. ತಂದೆಯಾದವನು ಮಗನೆದುರಿಗೆ ಈ ಮಾತನ್ನಾಡುವುದು ಸುಲಭವಲ್ಲ. ಆಡಿದ ಮೇಲೆ ಮಾತ್ರ ಎದೆ ಹಗುರವಾಯಿತು. ಅವನು, "ಹೋಗಲಿ ಅಪ್ಪ" ಎಂದು ಹಿರಿಯನಂತೆ ನನ್ನನ್ನು ಕ್ಷಮಿಸಿದನು.

ಆಮೇಲೆ ಎಲ್ಲರೂ ಕೂಡಿ ಮೂರೇ ನಿಯಮಗಳನ್ನು ಗೊತ್ತುಮಾಡಿಕೊಂಡೆವು. ಚಾಲಕನ ಪೀಠದ ಕೆಳಗೆ ಏನನ್ನೂ ಇಡಕೂಡದು; ಹೊರಡುವ ಮುಂಚೆ ಬಗ್ಗಿ ನೋಡದೆ ಕೀಲಿ ತಿರುಗಿಸಕೂಡದು. ಇದಕ್ಕೆ ವಿನಾಯಿತಿಯಿಲ್ಲ. ಎರಡನೆಯದು, ಗಾಡಿಯಿಂದ ಯಾರೂ ಬರಿಗೈಯಲ್ಲಿ ಇಳಿಯಕೂಡದು. ತನ್ನದಲ್ಲದಿದ್ದರೂ ಒಂದು ಪದಾರ್ಥವನ್ನಾದರೂ ಒಳಕ್ಕೆ ಒಯ್ಯಬೇಕು. ಮೂರನೆಯದು, ಮುಂದಿನ ಪೀಠದ ಬೆನ್ನಿಗೆ ಹಳೆಯ ಸೀರೆಯ ಬಟ್ಟೆಯಲ್ಲಿ ಹೊಲಿದ ಒಂದು ಚೀಲ. ಸಿಪ್ಪೆ, ಕಾಗದ ಅದಕ್ಕೆ. ಪೆಟ್ರೋಲು ತುಂಬಿಸುವ ದಿನ ಚೀಲವನ್ನು ಖಾಲಿಮಾಡುವುದು. ತಿನ್ನುವುದನ್ನು ನಿಷೇಧಿಸಲಿಲ್ಲ. ನಿಲ್ಲಿಸಲಾಗದುದನ್ನು ನಿಷೇಧಿಸಿ ಫಲವೇನು?

ಹೊರಮೈಯನ್ನು ತೊಳೆಯುವುದಕ್ಕೆ ಎರಡು ಬಕೆಟ್ಟು ನೀರು ಸಾಕು. ನಾನು ಹಿಂದೆ ಕೊಳವೆಯನ್ನು ಹಿಡಿದು ಅರ್ಧ ಗಂಟೆ ನೀರು ಬಿಡುತ್ತಿದ್ದೆ. 2024ರ ಮಾರ್ಚಿಯಲ್ಲಿ ನೀರಿನ ಅಭಾವ ಬಂದು, ಕುಡಿಯುವ ನೀರಿನಿಂದ ಗಾಡಿ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಬೆಂಗಳೂರಿನ ಜಲಮಂಡಳಿ ಆಜ್ಞೆ ಹೊರಡಿಸಿತು. ಅಲ್ಲಿರುವ ನಮ್ಮ ಭಾವಮೈದನು ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಒರಸುವುದನ್ನು ಕಲಿತನು. ಅವನಿಂದ ನಾನು ಕಲಿತೆ. ಮಳೆಗಾಲದಲ್ಲಿ ಕಾಲ ಕೆಳಗಿನ ಚಾಪೆಗಳನ್ನು ಹೊರಗೆ ತೆಗೆದು ಒಣಗಿಸಿದರೆ ಮುಗ್ಗಲು ವಾಸನೆಯೂ ಇಲ್ಲ.

ಗಾಡಿ ಈಗ ದೇವರ ಮನೆಯಂತಾಯಿತೆಂದರೆ ಸುಳ್ಳಾದೀತು. ಹಿಂದಿನ ಪೀಠದ ಸಂದಿಯಲ್ಲಿ ಕಡಲೆಪುರಿ ಇಂದಿಗೂ ಸಿಕ್ಕುವುದು. ಮಿಕ್ಸಿಯ ಜಾರು ರಿಪೇರಿಯಾಗಿ ಬಂದುದು ಮೊನ್ನೆ. ಆದರೆ ಬ್ರೇಕಿನ ಸುತ್ತಣ ಎರಡಡಿ ಸ್ಥಳ ಮಾತ್ರ ಒಲೆಯ ಕಟ್ಟೆಯಷ್ಟು ಚೊಕ್ಕಟ. ಎಲ್ಲವನ್ನೂ ಮಡಿಯಲ್ಲಿಡಲು ಹೊರಟು ಯಾವುದನ್ನೂ ಇಡಲಾರದೆ ಹೋಗುವುದಕ್ಕಿಂತ, ಮುಖ್ಯವಾದುದೊಂದನ್ನು ತಪ್ಪದೆ ಇಡುವುದು ಸಂಸಾರಿಗೆ ಸಾಧ್ಯವಾದ ಧರ್ಮ.

ಆಯುಧಪೂಜೆಯ ದಿನ ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣುಗಳನ್ನಿಟ್ಟು, ಮಂಗಳಾರತಿ ಮಾಡಿ, ಕೀಲಿಗೆ ಕೈ ಹಾಕಿದೆ. ಬಾಗಿಲಲ್ಲಿ ನಿಂತಿದ್ದ ನನ್ನ ತಾಯಿ, "ಚಕ್ರದ ಕೆಳಗೇನೋ ಇಟ್ಟೆಯಪ್ಪ, ಬ್ರೇಕಿನ ಕೆಳಗೆ ನೋಡಿದೆಯಾ?" ಎಂದರು. ಮಕ್ಕಳು ನಕ್ಕರು. ನಾನು ಕೆಳಗಿಳಿದು, ಬಗ್ಗಿ ನೋಡಿ, ಆಮೇಲೆ ಹೊರಟೆ.

ಬೀದಿಯ ಕೊನೆಯಲ್ಲಿ ಮೇಷ್ಟರು ಸಿಕ್ಕಿದರು. ಹಬ್ಬದ ಹೊಸ ಪಂಚೆ. ನಾನು ಸಂಭ್ರಮದಿಂದ ಬಾಗಿಲನ್ನು ತೆರೆದು, "ಬನ್ನಿ ಮೇಷ್ಟರೇ, ಈಗ ಸ್ಥಳವಿದೆ" ಎಂದೆ. ಅವರು ಒಳಗೆಲ್ಲ ನೋಡಿ ಮೆಚ್ಚಿಕೊಂಡು ತಲೆದೂಗಿದರು. ಆಮೇಲೆ ಜೇಬಿನಿಂದ ದೊಡ್ಡದೊಂದು ಕರವಸ್ತ್ರವನ್ನು ತೆಗೆದು, ಪೀಠದ ಮೇಲೆ ಅಗಲವಾಗಿ ಹಾಸಿ, ಅದರ ಮೇಲೆ ಕುಳಿತರು.