ಸೀಟು ವಾಲಿದರೆ ನೆಲ ನೋಡಿ

ಹಳೇ ಕಾರಿರೋ ಮನೆಗಳಲ್ಲಿ ಡ್ರೈವರ್ ಸೀಟಿನ ಮೇಲೆ ಒಂದು ದಿಂಬು ಇದ್ದೇ ಇರುತ್ತೆ. ದಿಂಬು ಇಲ್ಲದಿದ್ರೆ ಮಡಿಸಿದ ಟವೆಲ್ಲು. ಕೇಳಿದ್ರೆ, "ಸೀಟು ಸ್ವಲ್ಪ ವಾಲಿದೆ, ಅಷ್ಟೇ" ಅಂತಾರೆ. ಆ 'ಅಷ್ಟೇ' ಬಗ್ಗೆ ಒಂದಿಷ್ಟು ಬರೀಬೇಕು ಅನ್ನಿಸ್ತು.

ನಮ್ಮ ಸೋದರಮಾವನದು 1998ರ ಮಾರುತಿ 800. ಸೀಟು ಬಾಗಿಲ ಕಡೆಗೆ ವಾಲಿ ವರ್ಷಗಳಾಗಿದ್ದವು. ಕುಶನ್ ಅಂಗಡಿಯಲ್ಲಿ ಎರಡು ಸಲ ಸ್ಪಂಜು ಬದಲಾಯಿಸಿದ್ರು. ಎರಡು ತಿಂಗಳು ಚೆನ್ನಾಗಿರೋದು, ಮತ್ತೆ ಅದೇ ಕಥೆ. ಕೊನೆಗೆ ನಮ್ಮ ಮಾದನಾಯಕನಹಳ್ಳಿಯ ಸರ್ವೀಸ್ ರೋಡಿನಲ್ಲಿರೋ ಒಂದು ಟಿಂಕರಿಂಗ್ ಶೆಡ್ಡಿಗೆ ಕರೆದುಕೊಂಡು ಹೋದೆ.

ಟಿಂಕರ್ ಸೀಟನ್ನು ಮುಟ್ಟಲೇ ಇಲ್ಲ. ಮ್ಯಾಟ್ ಎತ್ತಿದ. ಅದರ ಕೆಳಗಿನ ಫೆಲ್ಟು ಹಿಂಡಿದ್ರೆ ನೀರು ಬರೋ ಹಾಗಿತ್ತು. ಮಾವನ್ನ ಸೀಟಿನ ಮೇಲೆ ಕೂರಿಸಿ, "ಸಾರ್, ಸ್ವಲ್ಪ ಅಲ್ಲಾಡಿ" ಅಂದ. ಮಾವ ಅಲ್ಲಾಡಿದ್ರೆ ಸೀಟಿನ ರೈಲು ಕೂತಿದ್ದ ಬೋಲ್ಟಿನ ಸುತ್ತ ತಗಡೇ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡ್ತಿತ್ತು! ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿದ. ಒಂದು ಕಡೆ ಟಣ್ ಟಣ್, ಇನ್ನೊಂದು ಕಡೆ ಡಬ್ ಡಬ್. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿದ್ರೆ, ಕೆಳಗಡೆ ರಸ್ತೆ ಕಾಣಿಸ್ತು.

ಲಾರಿಗೆ, ಹಳೇ ಜೀಪಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತೆ. ನೆಲ ಹೋದ್ರೂ ಗಾಡಿ ಗಟ್ಟಿಯಾಗಿ ನಿಲ್ಲುತ್ತೆ. ಮಾರುತಿ 800ಕ್ಕೆ, ಅಷ್ಟೇ ಯಾಕೆ, ಅಂಬಾಸಿಡರ್‌ಗೂ ಆ ಥರ ಬೇರೆ ಚಾಸಿ ಇಲ್ಲ. ನೆಲ, ಬದಿ, ಛಾವಣಿ ಎಲ್ಲಾ ಸೇರಿದ ಪೆಟ್ಟಿಗೆಯೇ ಕಾರಿನ ಮೂಳೆ. ಆ ನೆಲದ ತಗಡು ಒಂದು ಮಿಲಿಮೀಟರಿಗಿಂತ ತೆಳು. ಸೀಟು ಕೂತಿರೋದು ಅದರ ಮೇಲೆ. ಬ್ರೇಕ್ ಹೊಡೆದಾಗ, ಎಲ್ಲಾದ್ರೂ ಗುದ್ದಿದಾಗ ನಮ್ಮ ಭಾರವನ್ನೆಲ್ಲ ತಡೀಬೇಕಾದ್ದೂ ಅದೇ. ಬೆಲ್ಟು ಹಾಕಿಕೊಂಡು ಧೈರ್ಯವಾಗಿ ಕೂತಿರ್ತೀವಿ. ಸೀಟೇ ಕಿತ್ತು ಬಂದ್ರೆ ಬೆಲ್ಟು ಏನು ಮಾಡುತ್ತೆ ಹೇಳಿ?

ಎಲ್ಲಾ ವಾಲಿದ ಸೀಟಿಗೂ ನೆಲವೇ ಕಾರಣ ಅಂತಲ್ಲ. ಎಷ್ಟೋ ಹಳೇ ಕಾರುಗಳಲ್ಲಿ ಸೀಟು ಒರಗಿಸೋ ಹಲ್ಲಿನ ಚಕ್ರ ಒಂದೇ ಬದಿಗಿರುತ್ತೆ. ಅದು ಸವೆದ್ರೆ ಬೆನ್ನು ಮಾತ್ರ ತಿರುಚಿಕೊಳ್ಳುತ್ತೆ. ಸೀಟಿನ ಫ್ರೇಮಿನ ವೆಲ್ಡಿಂಗ್ ಬಿಟ್ಟಿದ್ರೂ ವಾಲುತ್ತೆ. ಆದ್ರೆ ಸೀಟು ರೈಲಿನ ಸಮೇತ ಆಡ್ತಿದ್ರೆ ಮ್ಯಾಟ್ ಎತ್ತಲೇಬೇಕು.

ಟಿಂಕರ್ ಎರಡು ಲೆಕ್ಕ ಹೇಳಿದ. ತುಕ್ಕಿನ ಮೇಲೇ ತಗಡು ಹೊದಿಸಿ, ಟಾರು ಬಳಿದು ಕೊಟ್ರೆ 3,000. ಕೊಳೆತಿದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಕೂರಿಸಿದ್ರೆ 14,000. ಮಾವ ನನ್ನ ಮುಖ ನೋಡಿದ್ರು. ಪೆನ್ಶನ್ ಮನೆ ಅದು. "ಗುಜರಿಗೆ ಹಾಕಿದ್ರೆ ಎಷ್ಟು ಬರುತ್ತಪ್ಪಾ?" ಅಂತ ಮೆಲ್ಲಗೆ ಕೇಳಿದ್ರು. ಅವನು ಉತ್ತರ ಕೊಡೋ ಬದಲು, "ಪಕ್ಕದ ಸೀಟಲ್ಲಿ ಯಾರು ಕೂರ್ತಾರೆ ಸಾರ್?" ಅಂದ. ದಿನಾ ಸ್ಕೂಲಿಗೆ ಹೋಗೋ ಮೊಮ್ಮಗಳು ಕೂರ್ತಾಳೆ. ಅಲ್ಲಿಗೆ 3,000ದ ಮಾತು ಮುಗೀತು.

ಮೂರು ದಿನ ಹೋಗಿ ನೋಡ್ತಿದ್ದೆ. ಮೊದಲು ಬ್ಯಾಟರಿ ವೈರ್ ಬಿಚ್ಚಿದ. ಸೀಟು, ಮ್ಯಾಟು, ಫೆಲ್ಟು ಎಲ್ಲ ಹೊರಗೆ. ಕಾರಿನ ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲೆಲ್ಲಿ ಹೋಗಿವೆ ಅಂತ ನೋಡಿಕೊಂಡ ಮೇಲೇ ಕಿಡಿ. ಕತ್ತರಿಸಿದ್ದು ತೂತಿನಷ್ಟೇ ಅಲ್ಲ, ಹೊಳೆಯೋ ಕಬ್ಬಿಣ ಸಿಗೋವರೆಗೆ. "ದಪ್ಪ ಪ್ಲೇಟೇ ಹಾಕಿಬಿಡಪ್ಪ, ಗಟ್ಟಿಯಾಗಿರುತ್ತೆ" ಅಂದ್ರು ಮಾವ. "ಹಾಕಿದ್ರೆ ಪ್ಲೇಟ್ ಹಾಗೇ ಇರುತ್ತೆ ಸಾರ್, ಅದರ ಅಂಚಲ್ಲಿ ತಗಡು ಸೀಳುತ್ತೆ" ಅಂದ. ಮೊದಲಿನಷ್ಟೇ ದಪ್ಪದ ತಗಡು, ಬೋಲ್ಟಿನ ಕೆಳಗೆ ಮಾತ್ರ ಅಗಲವಾದ ಪಟ್ಟಿ. ವೆಲ್ಡಿಂಗೂ ಒಂದೇ ಸಮ ಅಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಬಿಸಿಗೆ ತಗಡು ಸೊಟ್ಟಗಾಗಬಾರದಲ್ಲ. ಆಮೇಲೆ ಪ್ರೈಮರ್, ಸಂದಿಗೆ ಸೀಲರ್, ಕೆಳಗೆ ಕಪ್ಪು ಕೋಟಿಂಗ್.

ಇಷ್ಟಾದ ಮೇಲೂ ಬಿಡಲಿಲ್ಲ ಮಹಾರಾಯ. ಪೈಪ್ ಹಿಡಿದು ಕಾರಿನ ಮೇಲೆ ನೀರು ಬಿಟ್ಟ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಮೂಲೆಯಿಂದ ಸಣ್ಣಗೆ ಒಳಗೆ ಇಳಿಯೋಕೆ ಶುರು. ಕಳ್ಳ ಸಿಕ್ಕಿದ! ನೀರಿನ ದಾರಿ ಮುಚ್ಚದೆ ತಗಡು ಹಾಕಿದ್ರೆ ಎರಡೇ ಮಳೆಗಾಲ ಅಂತೆ.

ಮಾರುತಿ 800 ಫ್ಯಾಕ್ಟರಿಯಲ್ಲಿ ನಿಂತಿದ್ದು 2014ರಲ್ಲಿ. ಹಾಗಾಗಿ ರಸ್ತೆ ಮೇಲೆ ಇರೋವೆಲ್ಲಾ ಹತ್ತು ವರ್ಷ ದಾಟಿದವೇ. 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ. ನಾವು ಪೇಂಟು, ಟೈರು, ಹೊಗೆ ಸರ್ಟಿಫಿಕೇಟು ಎಲ್ಲಾ ನೋಡಿಕೊಳ್ತೀವಿ, ಕಾಲ ಕೆಳಗಿನದನ್ನು ಮಾತ್ರ ನೋಡಲ್ಲ.

ಮಾವನಿಗೆ ಈಗ ಹೊಸ ತೊಂದರೆ. "ಸೀಟೇನೋ ನೆಟ್ಟಗಾಯ್ತು ಕಣೋ, ಈಗ ನಾನೇ ಎಡಕ್ಕೆ ವಾಲ್ತಿದೀನಿ ಅನ್ಸುತ್ತೆ" ಅಂತಾರೆ. ಅಷ್ಟು ವರ್ಷದ ಅಭ್ಯಾಸ ನೋಡಿ.

ನಿಮ್ಮನೇಲೂ ಹಳೇ ಕಾರಿದೆಯಾ? ಈ ಭಾನುವಾರ ಒಂದ್ಸಲ ಮ್ಯಾಟ್ ಎತ್ತಿ ನೋಡಿ. ಕೈಗೆ ತೇವ ಹತ್ತಿದ್ರೆ ಸುಮ್ಮನಿರಬೇಡಿ.