ಹಳೇ ಗೇಮಿಗೆ ಹೊಸ ಬಣ್ಣ ಹಚ್ಚಲಿ, ಹಳೇದನ್ನು ಮಾತ್ರ ಮುಚ್ಚಿಡಬಾರದು

ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪಿನಲ್ಲಿ ಯಾರೋ ಒಬ್ಬರು ಶುಭೋದಯದ ಫೋಟೊ ಕಳಿಸಿರುತ್ತಾರಲ್ಲ, ಗುಲಾಬಿ ಹೂವು, ಪಕ್ಕದಲ್ಲಿ ಕಾಫಿ ಲೋಟ? ಆ ಒಂದು ಫೋಟೊವೇ ಸಾಮಾನ್ಯವಾಗಿ ನೂರು ಕೆಬಿ ಹತ್ತಿರ ಇರುತ್ತದೆ. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಮಾಡಿದ ಸೂಪರ್ ಮಾರಿಯೊ ಬ್ರದರ್ಸ್ ಗೇಮು ಇಡಿಯಾಗಿ ಸುಮಾರು 40 ಕೆಬಿ. 32 ಹಂತ, ಸಂಗೀತ, ಆಮೆ, ಅಣಬೆ, ರಾಜಕುಮಾರಿ ಎಲ್ಲ ಸೇರಿ ಅಷ್ಟೇ.

ಇಂಥ ಹಳೇ ಗೇಮುಗಳಿಗೆ ಹೊಸ ಗ್ರಾಫಿಕ್ಸ್ ಹಾಕಿ ಮತ್ತೆ ಮಾರುವುದು ಈಗ ದೊಡ್ಡ ವ್ಯಾಪಾರ. ಹಾಗೆ ಮಾಡುವುದು ಸರಿಯಾ ಅನ್ನುವುದು ನಮ್ಮ ಮನೆಯಲ್ಲೂ ಜಗಳದ ವಿಷಯ. 'ಹಳೇದನ್ನ ಮುಟ್ಟಬಾರದು' ಅನ್ನುವುದು ಅಣ್ಣನ ವಾದ. 'ಹಳೇದನ್ನ ಯಾರು ನೋಡ್ತಾರೆ' ಅನ್ನುವುದು ಅವನ ಮಗನ ವಾದ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಕಡೆ ವಿಡಿಯೊ ಗೇಮ್ ಅಂದರೆ ಜಾತ್ರೆಯಲ್ಲಿ ಸಿಗುತ್ತಿದ್ದ 'ಟಿವಿ ಗೇಮು'. ನಿಂಟೆಂಡೊ ಯಂತ್ರದ ನಕಲು ಅದು. ಜೊತೆಗೆ ಒಂದು ಹಳದಿ ಕ್ಯಾಸೆಟ್ಟು. ಮೇಲೆ '9999 ಇನ್ 1' ಅಂತ ಬರೆದಿರುತ್ತಿತ್ತು, ಒಳಗೆ ಹತ್ತೋ ಹದಿನೈದೋ ಗೇಮುಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಕರೆಂಟು ಹೋದರೆ ಮತ್ತೆ ಮೊದಲಿಂದ. ಅಣ್ಣ ಮತ್ತು ನಾನು ಹೆಚ್ಚು ಆಡಿದ್ದು ಕಾಂಟ್ರಾ. ಅದರ ಮೂರನೇ ಹಂತದಲ್ಲಿ ಒಂದು ಜಲಪಾತ ಹತ್ತಬೇಕು. ಮುಂದೆ ಹತ್ತಿದವನ ಜೊತೆ ಪರದೆಯೂ ಮೇಲೆ ಸರಿಯುತ್ತದೆ, ಹಿಂದೆ ಉಳಿದವನು ಕೆಳಗೆ ಬಿದ್ದು ಸಾಯುತ್ತಾನೆ. ಅಣ್ಣ ಬೇಕಂತಲೇ ಓಡಿ ಹತ್ತುತ್ತಿದ್ದ. ನಾನು ಬೇಕಂತಲೇ ಅವನ ರಿಮೋಟಿನ ವೈರು ಎಳೆಯುತ್ತಿದ್ದೆ.

ಹೋದ ವರ್ಷ ಆ ಯಂತ್ರವನ್ನು ಅಟ್ಟದಿಂದ ಇಳಿಸಿ ಹಚ್ಚಿದೆವು. ಹುಡುಗ ನೋಡಿದವನೇ, 'ಅತ್ತೆ, ಇದೇನಿದು ಬರೀ ಚೌಕ ಚೌಕ' ಅಂದ. ಆದರೆ ಹತ್ತು ನಿಮಿಷ ಕಳೆಯುವುದರೊಳಗೆ ಜಲಪಾತದಲ್ಲಿ ಅಪ್ಪನ ಜೊತೆ ಕಿರುಚಾಡುತ್ತಿದ್ದ. ಚೌಕದ ಮಾತು ಮತ್ತೆ ಬರಲಿಲ್ಲ.

ಆ ಚೌಕಗಳಿಗೂ ಒಂದು ಕಥೆ ಇದೆ. ಮಾರಿಯೊ ಮೊದಲು ಬಂದದ್ದು 1981ರ ಡಾಂಕಿ ಕಾಂಗ್ ಗೇಮಿನಲ್ಲಿ. ಅವನನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಚುಕ್ಕೆ. ಅಷ್ಟರಲ್ಲಿ ಬಾಯಿ ಬಿಡಿಸಲು ಆಗುವುದಿಲ್ಲ, ಅದಕ್ಕೆ ಮೀಸೆ ಇಟ್ಟರು. ಕೂದಲು ಬಿಡಿಸುವುದು ಕಷ್ಟ, ಅದಕ್ಕೆ ಟೋಪಿ ಹಾಕಿದರು. ಕೈ ಆಡುವುದು ಕಾಣಬೇಕು, ಅದಕ್ಕೆ ಅಂಗಿಗೊಂದು ಬಣ್ಣ, ಮೇಲುಡುಪಿಗೊಂದು ಬಣ್ಣ. ಸೂಪರ್ ಮಾರಿಯೊದಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಕ್ಕಟ್ಟಿನಲ್ಲಿ ಸಂಸಾರ ಮಾಡಿದವರ ಜಾಣತನ ಇದು.

ಹಾಗಾದರೆ ಅಣ್ಣ ಹೇಳುವುದೇ ಸರಿಯಾ? ಎಲ್ಲ ಗೇಮಿಗೂ ಅಲ್ಲ. ಚಪ್ಪಟೆ ಚಿತ್ರದ ಗೇಮುಗಳು ಅಷ್ಟು ಬೇಗ ಹಳತಾಗಲಿಲ್ಲ. ಹಳತಾದದ್ದು 90ರ ದಶಕದ ಕೊನೆಯಲ್ಲಿ ಬಂದ ಮೊದಮೊದಲ ತ್ರೀಡಿ ಗೇಮುಗಳು. 1998ರ ರೆಸಿಡೆಂಟ್ ಈವಿಲ್ 2 ನೋಡಿ. ಕ್ಯಾಮೆರಾ ಗೋಡೆಗೆ ಮೊಳೆ ಹೊಡೆದ ಹಾಗೆ ಒಂದೇ ಕಡೆ ನಿಂತಿರುತ್ತದೆ. ಮನುಷ್ಯನನ್ನು ತಿರುಗಿಸುವುದು ಇಕ್ಕಟ್ಟಾದ ಓಣಿಯಲ್ಲಿ ಟ್ರ್ಯಾಕ್ಟರು ತಿರುಗಿಸಿದ ಹಾಗೆ. ನಮ್ಮ ಹುಡುಗ ಇದನ್ನು ಕಾಲು ಗಂಟೆಯೂ ಆಡಲಿಲ್ಲ. ಅದನ್ನೇ ಕ್ಯಾಪ್‌ಕಾಮ್ ಕಂಪನಿ 2019ರಲ್ಲಿ ಬುಡದಿಂದ ಮತ್ತೆ ಕಟ್ಟಿತು. ಕ್ಯಾಮೆರಾ ಹೆಗಲ ಹಿಂದೆ ಬಂತು. ಕಥೆಯ ಎಳೆ ಅದೇ, ಪೊಲೀಸ್ ಠಾಣೆ ಅದೇ, ಹೆದರಿಕೆ ಅದೇ. ಹಳೇ ಆಟಕ್ಕೆ ಹೊಸ ಮಕ್ಕಳು ಸಿಕ್ಕರು. 2024ರಲ್ಲಿ 1998ರ ಮೂಲ ಗೇಮೂ ಕಂಪ್ಯೂಟರಿಗೆ ಮತ್ತೆ ಮಾರಾಟಕ್ಕೆ ಬಂತು. ಇದು ಒಳ್ಳೆಯ ಕೆಲಸ.

1999ರ ಏಜ್ ಆಫ್ ಎಂಪೈರ್ಸ್ 2 ಕೂಡ ಹಾಗೇ. 2019ರಲ್ಲಿ ಹೊಸ ರೂಪ ಪಡೆಯಿತು. ಮೊದಲ ಆಟದಲ್ಲಿ ನಮ್ಮ ದೇಶದ ಹೆಸರೇ ಇರಲಿಲ್ಲ. ಹೊಸ ರೂಪಕ್ಕೆ 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಸೇರಿದರು. ಹಳೇದನ್ನು ಮುಟ್ಟದೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಕೆಟ್ಟ ಉದಾಹರಣೆ ನಿಮಗೆ ಗೊತ್ತಿರುವ ಗೇಮಿನದೇ. ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡಿದವರು ಜಿಟಿಎ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮರೆತಿರಲಾರರು. 2021ರ ನವೆಂಬರಿನಲ್ಲಿ ಜಿಟಿಎಯ ಮೂರು ಹಳೇ ಗೇಮುಗಳನ್ನು ಹೊಸ ಗ್ರಾಫಿಕ್ಸಿನಲ್ಲಿ ಬಿಟ್ಟರು. ಮಳೆ ಬಂದರೆ ದಾರಿ ಕಾಣದು, ಪಾತ್ರಗಳ ಮುಖ ಗೊಂಬೆ ಥರ, ಅಂಗಡಿ ಬೋರ್ಡುಗಳಲ್ಲಿ ಅಕ್ಷರ ತಪ್ಪು. ಕೊನೆಗೆ ರಾಕ್‌ಸ್ಟಾರ್ ಕಂಪನಿಯೇ ಕ್ಷಮೆ ಕೇಳಿತು.

ನನಗೆ ಇದರಲ್ಲಿ ಪಾಠ ಅನ್ನಿಸಿದ್ದು ಮಂಜಿನ ವಿಷಯ. 2004ರ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದ್ದೆಲ್ಲ ಮಬ್ಬು. ಅಂದಿನ ಯಂತ್ರಕ್ಕೆ ದೂರದ ಚಿತ್ರ ಬಿಡಿಸುವ ಶಕ್ತಿ ಇರಲಿಲ್ಲ. ಹೊಸಬರು ಅದನ್ನು ದೋಷ ಅಂದುಕೊಂಡು ಮಬ್ಬು ತೆಗೆದರು. ಬೆಟ್ಟದ ತುದಿಯಲ್ಲಿ ನಿಂತರೆ ಇಡೀ ರಾಜ್ಯ ಒಂದೇ ನೋಟಕ್ಕೆ ಕಂಡಿತು. ಅಯ್ಯೋ, ಇಷ್ಟೇನಾ ಅನ್ನಿಸಿತು. ಡಿಸೆಂಬರಿನ ಮಂಜಿನಲ್ಲಿ ಪಕ್ಕದ ಊರೂ ದೂರ ಇರುವ ಹಾಗೆ ಕಾಣುತ್ತದಲ್ಲ, ಹಾಗೆ ಆ ಮಬ್ಬೇ ಗೇಮನ್ನು ದೊಡ್ಡದು ಮಾಡಿತ್ತು. ಆಮೇಲೆ 2024ರಲ್ಲಿ ಹಳೇ ಬೆಳಕು, ಹಳೇ ಮಬ್ಬು ಬೇಕಾದವರಿಗೆ ಅದನ್ನು ಮತ್ತೆ ಕೊಟ್ಟರು. ಯಾವುದು ಬಡತನ, ಯಾವುದು ಅಂದ ಅಂತ ತಿಳಿಯದೆ ಕೈ ಹಾಕಿದರೆ ಹೀಗಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಹೊಸ ಜಿಟಿಎ ಬರುವ ಮುಂಚೆ ಹಳೇ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ತೆಗೆದಿದ್ದರು. ಜನ ಬೈದ ಮೇಲೆ ಕಂಪ್ಯೂಟರಿನ ಹಳೇ ಗೇಮುಗಳನ್ನು ವಾಪಸ್ ಇಟ್ಟರು. 2002ರ ವಾರ್‌ಕ್ರಾಫ್ಟ್ 3ಕ್ಕೂ 2020ರಲ್ಲಿ ಹೀಗೇ ಆಯಿತು. ಹಳೇ ಗೇಮು ಕೊಂಡಿದ್ದವರು ಆನ್‌ಲೈನಿನಲ್ಲಿ ಆಡಲು ಹೋದರೆ ಅದರ ಜಾಗದಲ್ಲಿ ಹೊಸದು ಬಂದು ಕೂತಿತ್ತು. ಕಂಪನಿ ಹೊಸದನ್ನು ಕೊಂಡವರಿಗೆ ದುಡ್ಡು ವಾಪಸ್ ಕೊಡಬೇಕಾಯಿತು.

ನಮ್ಮ ಸಿನಿಮಾ ನೆನೆಸಿಕೊಳ್ಳಿ. ಡಾ. ರಾಜ್‌ಕುಮಾರ್ ಅವರ 1971ರ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಕೆಲವರಿಗೆ ಇಷ್ಟವಾಯಿತು, ಕೆಲವರಿಗೆ ಕಪ್ಪು ಬಿಳುಪೇ ಚಂದ. ಬಣ್ಣ ಬೇಡ ಅಂದವರು ಹಳೇದನ್ನೇ ನೋಡಬಹುದು, ಅದಕ್ಕೇ ಜಗಳ ಅಲ್ಲಿಗೆ ಮುಗಿಯಿತು. ಗೇಮಿಗೆ ಆ ಭಾಗ್ಯ ಇಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಲೆಕ್ಕ ಕೊಟ್ಟಿತು. ಆ ದೇಶದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಗೇಮುಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ.

ನಮ್ಮಂಥವರಿಗೆ ಇದು ಇನ್ನೂ ಹತ್ತಿರದ ಮಾತು. ಹೊಸ ಗ್ರಾಫಿಕ್ಸ್ ಅಂದರೆ ಹತ್ತಾರು ಜಿಬಿ ಡೌನ್‌ಲೋಡು, ದುಬಾರಿ ಕಂಪ್ಯೂಟರು. ನಮ್ಮ ಹುಡುಗನ ಫೋನಿನಲ್ಲಿ ಹೊಸ ಆ್ಯಪ್ ಹಾಕಬೇಕಾದರೆ ಮದುವೆ ವಿಡಿಯೊ ಅಳಿಸಬೇಕು. ಸಿಗ್ನಲ್ಲಿಗೆ ಮಾಳಿಗೆ ಹತ್ತಬೇಕು. ಹಳೇ ಗೇಮು ಅಂಥ ಫೋನಿನಲ್ಲೂ ಓಡುತ್ತದೆ. ಹಳೇದನ್ನು ತೆಗೆದು ಹೊಸದೊಂದೇ ಇಟ್ಟರೆ, ದುಡ್ಡಿರುವವನಿಗೆ ಚಿತ್ರ ಚಂದವಾಗುತ್ತದೆ, ಇಲ್ಲದವನಿಗೆ ಆಟವೇ ಹೋಗುತ್ತದೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ರೀಮೇಕ್ ಮಾಡಲಿ, ಅದರಲ್ಲೂ ಕೈಗೆ ಒಗ್ಗದ ಹಳೇ ತ್ರೀಡಿ ಗೇಮುಗಳನ್ನು ಖಂಡಿತ ಮಾಡಲಿ. ಆದರೆ ಅಂಗಡಿಯಲ್ಲಿ ಹೊಸದರ ಪಕ್ಕದಲ್ಲೇ ಹಳೇದೂ ಇರಲಿ, ಕಡಿಮೆ ಬೆಲೆಗೆ. ಯಾವುದು ಚಂದ ಅಂತ ಆಡುವವರು ಹೇಳಲಿ.

ನಿಮ್ಮ ಅಟ್ಟದ ಮೇಲೂ ಒಂದು ಟಿವಿ ಗೇಮು ಇರಬಹುದು. ಗುಜರಿಯವನಿಗೆ ಕೊಡುವ ಮುಂಚೆ ಒಮ್ಮೆ ಧೂಳು ಒರೆಸಿ ಹಚ್ಚಿ ನೋಡಿ. ಕ್ಯಾಸೆಟ್ಟು ಓಡದಿದ್ದರೆ ಏನು ಮಾಡಬೇಕು ಅಂತ ನಿಮಗೇ ಗೊತ್ತು: ತೆಗೆದು, ಬಾಯಲ್ಲಿ ಊದಿ, ಮತ್ತೆ ಹಾಕಿ.